ಎಡಜೇಬಿನ ಮೂರು ಹೋಳು

ಚೆಂಡು ಹೋಗಿ ಶಾಲೆಯ ಸಂಚಾಲಕರ ಹಣೆಗೆ ಬಡಿಯಬಹುದಿತ್ತು. ಅವರಿಗೆ ಬಡಿಯದೆ ಪಕ್ಕದಲ್ಲಿ ಕೂತ ಅವರ ಭಾವನಿಗೆ ಬಡಿದು, ಆಮೇಲೆ ಇಬ್ಬರೂ ಸೇರಿ ನನ್ನನ್ನು ನೋಡಬಹುದಿತ್ತು. ಬ್ಯಾಟು ಬೆವರಿದ ಕೈಯಿಂದ ಜಾರಿ ಹೆಣ್ಣುಮಕ್ಕಳು ಕೂತ ಬೆಂಚಿನ ಕಡೆಗೆ ಹಾರಬಹುದಿತ್ತು. ಗದ್ದೆಯ ಅಂಚುಕಟ್ಟುವ ಹುಣಿಯ ಮೇಲೆ ಮೇಯುತ್ತಿದ್ದ ಎಮ್ಮೆ ಎರಡನೆಯ ಬೇಸಿನ ಗೋಣಿಚೀಲವನ್ನು ಹುಲ್ಲಿನ ಕಟ್ಟೆಂದು ತಿಳಿದು ಎಳೆದುಕೊಂಡು ಹೋಗಬಹುದಿತ್ತು. ಹಾಗಾದರೆ ಓಡುವವನು ಎಮ್ಮೆಯ ಹಿಂದೆ ಓಡಬೇಕೋ, ಚೀಲ ಮೊದಲಿದ್ದ ಜಾಗದಲ್ಲಿ ನಿಲ್ಲಬೇಕೋ ಎಂಬುದಕ್ಕೆ ಆಟದ ನಿಯಮದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ನಾನು ಹುಡುಕಿದ್ದೆ. ಮುಖ್ಯೋಪಾಧ್ಯಾಯರ ಮುಖ ನೋಡಿ ‘ಔಟ್’ ಎಂದರೆ ಅವರು ಸಿಟ್ಟಾಗಬಹುದಿತ್ತು. ಬಾಯಿ ‘ಔಟ್’ ಎನ್ನುವಾಗ ಕೈ ‘ಸೇಫ್’ ಎಂದು ತೋರಿಸಬಹುದಿತ್ತು. ಪುತ್ತೂರಿನಿಂದ ಬರುವ ಸಂಜೆಯ ಬಸ್ಸಿನವನು ಏನೋ ಗಲಾಟೆ ಎಂದು ಬಸ್ಸು ನಿಲ್ಲಿಸಿ, ಒಳಗಿದ್ದವರೆಲ್ಲ ತೀರ್ಪು ಕೊಡಲು ಇಳಿದು ಬರಬಹುದಿತ್ತು. ನನಗೆ ತಲೆಸುತ್ತು ಬಂದು ನಾನೇ ಬೀಳಬಹುದಿತ್ತು. ಅಂಪೈರ್ ಬಿದ್ದರೆ ಆಟ ನಿಲ್ಲುತ್ತದೋ ಮುಂದುವರಿಯುತ್ತದೋ ಎಂಬುದೂ ಪುಸ್ತಕದಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಮೇಲೆ, ಜಗಳವಾಗಬಹುದಿತ್ತು.

ಇದನ್ನೆಲ್ಲ ಈಗ ಕೂತು ಹೊಸೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆಟದ ಹಿಂದಿನ ದಿನ ಫೋರ್ತ್ ಫಾರಂನವರಿಗೆ ಬಡ್ಡಿಯ ಲೆಕ್ಕ ಕೊಟ್ಟು, ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಪಟ್ಟಿ ಮಾಡಿದ್ದೆ. ಒಟ್ಟು ಇಪ್ಪತ್ತೇಳು ಸಂಗತಿಗಳಾಗಿದ್ದವು. ಇಪ್ಪತ್ತೇಳಕ್ಕೆ ನಿಂತದ್ದು ಗಂಟೆ ಹೊಡೆಯಿತೆಂಬ ಕಾರಣಕ್ಕೆ ಮಾತ್ರ. ಈಗ ಐವತ್ತರ ಹತ್ತಿರ ಬಂದಿದ್ದೇನೆ, ಆ ಗುಣ ಹೋಗಿಲ್ಲ. ಬಸ್ಸು ತಪ್ಪಿದರೆ ಏನು ಗತಿ ಎಂದು ಮನೆಯಲ್ಲಿ ಚಿಂತೆ. ಬಸ್ಸಿನಲ್ಲಿ ಕೂತ ಮೇಲೆ, ತಪ್ಪಲಿಲ್ಲವಲ್ಲ, ಇನ್ನೇನು ಕಾದಿದೆಯೋ ಎಂದು ಚಿಂತೆ. ಇದು ನಮ್ಮ ಮನೆತನದಲ್ಲೇ ಉಂಟು. ಅಪ್ಪನಿಗೆ ತಾಲೂಕು ಕಚೇರಿಗೆ ಹೋಗುವ ದಿನ, ಅಮ್ಮನಿಗೆ ಬೀಗರು ಬರುವ ದಿನ, ನನಗೆ ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ, ಏನೂ ತೋಚದೆ ಒಂದು ಅಡಿಕೆ ಹೋಳು ದವಡೆಗೆ ಹೋಗುತ್ತಿತ್ತು. ಎಲೆ, ಸುಣ್ಣ ಯಾವುದೂ ಇಲ್ಲ. ಬರೀ ಹೋಳು. ಅದು ಚಟವಲ್ಲ, ಧೈರ್ಯ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಬೆಳ್ಳಾರೆಯ ಕಡೆಯ ಒಂದು ಹೊಸ ಹೈಸ್ಕೂಲಿನಲ್ಲಿ ನಾನು ಲೆಕ್ಕದ ಮಾಷ್ಟ್ರು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಆ ವರ್ಷ ಮದರಾಸಿನಲ್ಲಿ ತರಬೇತಿ ಮುಗಿಸಿದ ಒಬ್ಬರು ಡ್ರಿಲ್ ಮಾಷ್ಟ್ರು ಪುತ್ತೂರಿನಿಂದ ಬಂದು ಸೇರಿದರು. ಅವರ ಕಬ್ಬಿಣದ ಟ್ರಂಕಿನಲ್ಲಿ ಎರಡು ಜೊತೆ ಬಿಳಿ ಚಡ್ಡಿ, ಒಂದು ಉರುಟು ಬ್ಯಾಟು, ತೆಂಗಿನ ಎಳೆಗಾಯಿಯಷ್ಟು ದೊಡ್ಡ ಎರಡು ಚೆಂಡು ಮತ್ತು ಇಂಗ್ಲಿಷಿನ ಒಂದು ತೆಳ್ಳಗಿನ ಪುಸ್ತಕವಿತ್ತು. ಆಟದ ಹೆಸರು ಸಾಫ್ಟ್‌ಬಾಲ್ ಎಂದರು. ಚೆಂಡನ್ನು ಮುಟ್ಟಿ ನೋಡಿದ ನಮ್ಮ ಕನ್ನಡ ಪಂಡಿತರು, “ಇದು ಮೆತ್ತಗಿನದ್ದಾದ್ರೆ ಗಟ್ಟಿಯದ್ದು ಹೇಗಿದ್ದೀತು ಮಾರಾಯ್ರೆ!” ಎಂದು ಹಿಂದೆ ಕೊಟ್ಟರು.

ಆಡುವ ಜಾಗದ್ದೇ ಕಷ್ಟ. ನಮ್ಮ ಕಡೆ ಭೂಮಿ ಒಂದೋ ಏರುತ್ತದೆ, ಇಲ್ಲ ಇಳಿಯುತ್ತದೆ. ಸಮತಟ್ಟಾದದ್ದು ಎಂದರೆ ಗದ್ದೆ ಮಾತ್ರ. ಶಾಲೆಯ ಕೆಳಗೆ ಸಂಚಾಲಕರದ್ದೇ ಒಂದು ದೊಡ್ಡ ಗದ್ದೆ ಇತ್ತು. ಕೊಯ್ಲು ಮುಗಿದ ಮೇಲೆ ಮಳೆಗಾಲದವರೆಗೆ ಅದು ಮಕ್ಕಳದ್ದು. ಆದರೆ ಹಿಂದಿನ ವರ್ಷ ಅಲ್ಲಿ ನಡೆದ ವಾಲಿಬಾಲ್ ಪಂದ್ಯದಲ್ಲಿ ಚೆಂಡು ಗೆರೆಯ ಒಳಗೋ ಹೊರಗೋ ಎಂಬ ಮಾತು ಬಂದು, ಮೊದಲು ಪಂಚೆಗಳು ಮೇಲೆ ಕಟ್ಟಿಕೊಂಡವು, ಆಮೇಲೆ ಬಲೆಯ ಕಂಬಗಳು ಕಿತ್ತು ಬಂದವು. ಮೂರು ಜನರ ತಲೆಗೆ ಹೊಲಿಗೆ. ಆ ವರ್ಷವೇ ಸಂಚಾಲಕರು ಗದ್ದೆಯನ್ನು ತೋಟ ಮಾಡುವುದೆಂದು ನಿಶ್ಚಯಿಸಿ, ಅಡಿಕೆ ಸಸಿಯ ಗುಂಡಿ ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಗೂಟ ಹೊಡೆಸಿಬಿಟ್ಟರು. ಗದ್ದೆಯ ಆಚೆಯ ಅರ್ಧದಲ್ಲಿ ಆ ಗೂಟಗಳು ಸಾಲಾಗಿ ನಿಂತಿದ್ದವು.

ಡ್ರಿಲ್ ಮಾಷ್ಟ್ರು ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದರು. ಜಗಲಿಯಲ್ಲಿ ಕೂತು ಸಂಚಾಲಕರು ಎಲ್ಲ ಕೇಳಿದರು.

“ನೋಡಿ ಮಾಷ್ಟ್ರೆ, ಆಟಕ್ಕೆ ನಾನು ಅಡ್ಡ ಅಲ್ಲ. ಆದ್ರೆ ಸಸಿ ತಯಾರುಂಟು. ಸ್ಕೂಲ್ ಡೇ ದಿನ ನಾನೇ ಬಂದು ಕೂತ್ಕೊಳ್ತೇನೆ. ಜಗಳ ಇಲ್ಲದೆ ಒಂದು ಆಟ ಸುರುವಿಂದ ಕೊನೆವರೆಗೆ ಮುಗಿದ್ರೆ ಗದ್ದೆ ಶಾಲೆಗೆ ಬಿಟ್ಟೆ. ಒಬ್ಬ ಇನ್ನೊಬ್ಬನ ಅಂಗಿಗೆ ಕೈ ಹಾಕಿದ ಅಂತಾದ್ರೆ, ಮಾರನೇ ದಿನ ಗುಂಡಿ ತೋಡ್ಲಿಕ್ಕೆ ಆಳು ಬರ್ತಾರೆ. ಆಗಬಹುದಾ?”

“ಆಗಬಹುದು,” ಎಂದರು ಡ್ರಿಲ್ ಮಾಷ್ಟ್ರು. ಬರುವ ದಾರಿಯಲ್ಲಿ ಅವರು ಮೆಲ್ಲಗೆ ಹೇಳಿದರು: “ಗದ್ದೆ ಹೋದ್ರೆ ನಾನು ಮಕ್ಕಳಿಗೆ ಕಲಿಸುದು ಎಂತ? ಬೆಂಚಿನ ಮೇಲೆ ನಿಂತು ಕೈ ಮೇಲೆ, ಕೈ ಕೆಳಗೆ? ಅದಕ್ಕೆ ನಾನು ಬೇಕಾ? ಪುತ್ತೂರಿಗೆ ಹೋಗಿ ಅಣ್ಣನ ಅಂಗಡಿಯಲ್ಲಿ ಕೂತ್ಕೊಳ್ಳಬಹುದು.” ಎರಡು ಹೆಜ್ಜೆ ನಡೆದು, “ಅಂಪೈರ್ ನೀವೇ ಆಗ್ಬೇಕು,” ಎಂದರು.

“ನಾನಾ?”

“ನೀವು ಲೆಕ್ಕದವರು. ತಪ್ಪುದಿಲ್ಲ.”

ಲೆಕ್ಕದವನೆಂದರೆ ಲೆಕ್ಕ ತಪ್ಪದವನು ಎಂಬ ನಂಬಿಕೆ ಜಗತ್ತಿನಲ್ಲಿ ಲೆಕ್ಕ ಗೊತ್ತಿಲ್ಲದವರಿಗೆ ಮಾತ್ರ ಇರುತ್ತದೆ.

ಪುಸ್ತಕವನ್ನು ಮನೆಗೆ ತಂದು ಓದತೊಡಗಿದೆ. ಒಂದೊಂದು ನಿಯಮವೂ ನಮ್ಮ ಕಡೆಯ ಜಮೀನಿನ ಪತ್ರದ ಹಾಗೆ. ಮೊದಲು ಒಂದು ಮಾತು. ಅದರ ಹಿಂದೆ ‘ಆದರೆ’. ಆ ಆದರೆಯ ಬಾಲಕ್ಕೆ ಇನ್ನೊಂದು ‘ಹೊರತು’. ಓಡುವವನನ್ನು ಕೆಲವು ಸಲ ಚೆಂಡಿನಿಂದ ಮುಟ್ಟಲೇಬೇಕು. ಕೆಲವು ಸಲ ಮುಟ್ಟಬೇಕಾಗಿಲ್ಲ, ಚೆಂಡು ಹಿಡಿದು ಚೀಲ ತುಳಿದರೆ ಸಾಕು. ಯಾವಾಗ ಯಾವುದು ಎಂದು ಹುಡುಗರಿಗೆ ಹೇಳಿಕೊಡುವುದರಲ್ಲಿ ನನ್ನ ಒಂದು ವಾರ ಹೋಯಿತು. ಕೊನೆಗೆ ನೆರವಿಗೆ ಬಂದದ್ದು ಬೆಳ್ಳಾರೆಯ ಬಸ್ಸು.

“ಬಸ್ಸಿನಲ್ಲಿ ನೀನು ಕೂತಿದ್ದಿ. ಕಂಡಕ್ಟರು ಹಿಂದಿನಿಂದ ಇನ್ನೊಬ್ಬನನ್ನು ನಿನ್ನ ಸೀಟಿಗೆ ತಳ್ಳಿದ. ನೀನು ಎದ್ದು ಮುಂದೆ ಹೋಗ್ಲೇಬೇಕು, ಅಲ್ವಾ? ಆಗ ಮುಂದಿನ ಸೀಟಿನಲ್ಲಿ ಚೆಂಡು ಮೊದಲು ಬಂದು ಕೂತ್ರೆ ನೀನು ಔಟ್. ಮುಟ್ಟುದು ಬೇಡ. ಹಿಂದಿನಿಂದ ಯಾರೂ ತಳ್ಳಲಿಲ್ಲ, ನೀನೇ ಆಸೆಗೆ ಎದ್ದು ಹೋದದ್ದು ಅಂತಾದ್ರೆ ನಿನ್ನನ್ನು ಮುಟ್ಟಿಯೇ ಔಟ್ ಮಾಡ್ಬೇಕು.”

“ಸೀಟಿನಲ್ಲಿ ಸರಿಯಾಗಿ ಕೂತವನನ್ನು ಮುಟ್ಟಿದ್ರೆ, ಸರ್?”

“ಏನೂ ಆಗುದಿಲ್ಲ. ಚೀಲದ ಮೇಲೆ ಕಾಲಿದ್ದವನನ್ನು ಯಾರೂ ಏನೂ ಮಾಡ್ಲಿಕ್ಕಾಗುದಿಲ್ಲ. ಕಾಲು ತೆಗೆದ್ರೆ ಮಾತ್ರ ಅಪಾಯ.”

“ಒಂದನೇ ಚೀಲ ದಾಟಿ ಓಡಿ ಹೋದ್ರೆ ಔಟಲ್ಲ ಅಂದ್ರಿ. ಎರಡನೇದು ದಾಟಿದ್ರೆ ಔಟು. ಒಂದನೇದಕ್ಕೆ ಎಂತ ವಿಶೇಷ?”

ಈ ಪ್ರಶ್ನೆ ಕೇಳಿದವನು ಐವರ್ನಾಡಿನಿಂದ ದಿನಾ ನಡೆದುಬರುತ್ತಿದ್ದ ಸಿಕ್ಸ್ತ್ ಫಾರಂನ ಹುಡುಗ, ಶಾಲೆಯಲ್ಲೇ ಎತ್ತರದವನು. “ಪುಸ್ತಕದಲ್ಲಿ ಉಂಟು,” ಎಂದೆ. ಮಾಷ್ಟ್ರಾದವನಿಗೆ ಅಷ್ಟು ಸಾಕು.

ಗೆರೆಯ ವಿಷಯ ಸಂಚಾಲಕರ ಕಿವಿಗೂ ಹೋಗಿತ್ತು. ಮೂರನೆಯ ಬೇಸಿನ ಗೆರೆ ಗದ್ದೆಯ ಹುಣಿಯ ಮೇಲೇ ಹೋಗುತ್ತಿತ್ತು. ಗೆರೆಯ ಮೇಲೆ ಬಿದ್ದ ಚೆಂಡು ಒಳಗಿನದ್ದೇ ಎಂದು ನಾನು ಹೇಳಿದಾಗ ಅವರು ಒಪ್ಪಲಿಲ್ಲ. “ಅದು ಹೇಗೆ? ಹುಣಿಯ ಮೇಲೆ ಬಿದ್ದ ತೆಂಗಿನಕಾಯಿ ಇಬ್ಬರದ್ದೂ ಅಲ್ವಾ? ಅದಕ್ಕಾಗಿ ನಾನು ನನ್ನ ನೆರೆಯವನ ಹತ್ತಿರ ಹನ್ನೊಂದು ವರ್ಷ ಮಾತಾಡಿಲ್ಲ.” ಜಗಳ ಕೂಡದೆಂದ ಮನುಷ್ಯನೇ ಹೀಗೆಂದ ಮೇಲೆ ನನ್ನ ಚಿಂತೆಗೆ ಇನ್ನೊಂದು ಸಂಗತಿ ಸೇರಿತು.

ಸ್ಕೂಲ್ ಡೇ ಆಟ ಮಾಷ್ಟ್ರುಗಳಿಗೂ ಹುಡುಗರಿಗೂ. ಗುಮಾಸ್ತರನ್ನೂ ಜವಾನನನ್ನೂ ಸೇರಿಸಿ ಮಾಷ್ಟ್ರುಗಳ ಕಡೆ ಒಂಬತ್ತು ಜನ ಮಾಡಿದೆವು. ಬೇಸುಗಳೆಂದರೆ ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲ. ಬ್ಯಾಟಿನವನ ಹಿಂದೆ ಕ್ಯಾಚರ್ ಆಗಿ ನಿಂತ ಡ್ರಿಲ್ ಮಾಷ್ಟ್ರು ಎದೆಗೆ ಎರಡು ಅಡಿಕೆ ಹಾಳೆ ಕಟ್ಟಿಕೊಂಡು, ಮುಖಕ್ಕೆ ಕರುವಿನ ಬಾಯಿಗೆ ಕಟ್ಟುವ, ಕಾಡುಬಳ್ಳಿಯಲ್ಲಿ ಹೆಣೆದ ಬೀಳಿನ ಬುಟ್ಟಿಯನ್ನು ಸಿಕ್ಕಿಸಿಕೊಂಡರು. ಕನ್ನಡ ಪಂಡಿತರನ್ನು ಎರಡನೆಯ ಬೇಸಿನಲ್ಲಿ ನಿಲ್ಲಿಸಿದ್ದು, ಅಭ್ಯಾಸದ ದಿನಗಳಲ್ಲಿ ಅಲ್ಲಿಗೆ ಚೆಂಡು ಬಂದದ್ದು ಕಡಿಮೆ ಎಂಬ ಕಾರಣಕ್ಕೆ. ಪಂಡಿತರು ಕೋಡಿಂಬಾಳದ ಹಿರಿಯರು, ಐವತ್ತೈದು ದಾಟಿದವರು. ವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದರು. ಹಿಂದೆ ಕಿರಿಯ ಶಾಲೆಯಲ್ಲಿದ್ದಾಗ ಆ ಹುಡುಗರಲ್ಲಿ ಅರ್ಧ ಜನರ ಅಪ್ಪಂದಿರಿಗೂ ಅಕ್ಷರ ತಿದ್ದಿಸಿದವರು. ಕಚ್ಚೆ ಹಾಕಿ, ಶಾಲು ಸೊಂಟಕ್ಕೆ ಬಿಗಿದು ನಿಂತರು.

ನಾನು ಜುಬ್ಬ ಹಾಕಿಕೊಂಡು ಹೋಗಿದ್ದೆ, ಎರಡು ಬದಿಯ ಜೇಬು ಬೇಕೆಂದು. ಹೊಡೆಯಲು ತಪ್ಪಿದ ಸ್ಟ್ರೈಕಿನ ಲೆಕ್ಕಕ್ಕೆ ಒಂದು ಕೈಯ ಬೆರಳು, ದಾರಿ ತಪ್ಪಿ ಬಂದ ‘ಬಾಲ್’ನ ಲೆಕ್ಕಕ್ಕೆ ಇನ್ನೊಂದು ಕೈಯದ್ದು. ಔಟಿನ ಲೆಕ್ಕಕ್ಕೆ ಎಡಜೇಬಿನಲ್ಲಿ ಮೂರು ಅಡಿಕೆ ಹೋಳು. ಒಬ್ಬ ಔಟಾದಾಗ ಒಂದು ಹೋಳು ಎಡಜೇಬಿನಿಂದ ಬಲಜೇಬಿಗೆ. ಎಡಜೇಬು ಖಾಲಿಯಾದರೆ ಮೂರು ಔಟ್, ಆ ಕಡೆಯವರ ಸರದಿ ಮುಗಿಯಿತು. ಹೋಳುಗಳು ಪುನಃ ಎಡಕ್ಕೆ. ಇದು ನಾನೇ ಕಂಡುಹಿಡಿದ ಉಪಾಯ. ಮರೆವು ನನ್ನನ್ನು ಸೋಲಿಸಬಹುದು, ಜೇಬು ಸೋಲಿಸಲಾರದು ಎಂದು ಡ್ರಿಲ್ ಮಾಷ್ಟ್ರ ಹತ್ತಿರ ಹೆಮ್ಮೆಯಿಂದ ಹೇಳಿಯೂ ಇದ್ದೆ.

ಗುಡ್ಡೆಯ ಹಿಂದೆ ಬಿಸಿಲು ಇಳಿಯುವ ಮೊದಲು ಮುಗಿಯಬೇಕೆಂದು ಐದೇ ಇನ್ನಿಂಗ್ಸ್. ನಾಲ್ಕು ಸಸೂತ್ರವಾಗಿ ದಾಟಿದವು. ಎಮ್ಮೆ ಬಂತು, ಚೀಲವನ್ನು ಮೂಸಿತು, ಅದರ ರುಚಿ ಸೇರದೆ ಹೋಯಿತು. ಚೆಂಡೊಂದು ಸಂಚಾಲಕರ ಕೊಡೆಯ ಹತ್ತಿರ ಬಿದ್ದಾಗ ನನ್ನ ಜೀವ ಅರ್ಧ ಹೋಯಿತು. ಅವರು ಅದನ್ನು ಕಾಲಿನಿಂದ ಮೆಲ್ಲಗೆ ಹಿಂದೆ ತಳ್ಳಿ, “ಆಡಿ ಆಡಿ,” ಎಂದರು. ಮುಖ್ಯೋಪಾಧ್ಯಾಯರನ್ನು ಎರಡು ಸಲ ಔಟ್ ಎಂದೆ. ಎರಡೂ ಸಲ ಅವರು “ಹೌದಾ?” ಎಂದಷ್ಟೇ ಕೇಳಿ ಹೋದರು.

ಐದನೆಯದರಲ್ಲಿ ಹುಡುಗರು ಬ್ಯಾಟು ಹಿಡಿಯುವಾಗ ಅವರಿಗೆ ಆರು ಓಟ, ಮಾಷ್ಟ್ರುಗಳಿಗೆ ಏಳು. ಹುಣಿಯ ಮೇಲೆ ಊರವರೆಲ್ಲ ಎದ್ದು ನಿಂತಿದ್ದರು. ಹೆತ್ತವರು, ಮಾವಂದಿರು, ಸಂತೆಯಿಂದ ಹಿಂದೆ ಹೋಗುತ್ತಿದ್ದವರು, ಎಲ್ಲರೂ ಹುಡುಗರ ಪಕ್ಷ. ನನಗೆ ಕಳೆದ ವರ್ಷದ ಕಂಬಗಳು ನೆನಪಾದವು.

ಮೊದಲು ಬಂದವನು ಐವರ್ನಾಡಿನ ಉದ್ದ ಹುಡುಗ. ಎರಡು ಸ್ಟ್ರೈಕ್ ಆಯಿತು. ಮೂರನೆಯದಕ್ಕೆ ಜೋರಾಗಿ ಬೀಸಿದ, ಚೆಂಡು ಸಿಗಲಿಲ್ಲ. ನಾನು “ಸ್ಟ್ರೈಕ್ ಮೂರು!” ಎಂದು ಕೂಗಿ ಜೇಬಿನಿಂದ ಹೋಳು ತೆಗೆದೂ ಆಗಿತ್ತು. ಅಷ್ಟರಲ್ಲಿ ಡ್ರಿಲ್ ಮಾಷ್ಟ್ರ ಕೈಯಿಂದ ಚೆಂಡು ಜಾರಿ, ಹಾಳೆಗೆ ಬಡಿದು, ಹಿಂದೆ ಉರುಳಿಹೋಯಿತು. ಹುಡುಗ ಒಂದು ಕ್ಷಣ ನೋಡಿದ, ಬ್ಯಾಟು ಎಸೆದ, ಓಡಿದ. ಚೆಂಡು ಬರುವ ಮೊದಲೇ ಒಂದನೆಯ ಬೇಸಿನಲ್ಲಿದ್ದ.

“ಸೇಫ್!” ಎಂದೆ.

ಹುಡುಗರ ಪಕ್ಷದವರಿಗೂ ತಲೆಬುಡ ತಿಳಿಯದೆ ಹುಣಿಯ ಮೇಲೆ ಗದ್ದಲವೆದ್ದಿತು. ಮೂರು ಸಲ ಬೀಸಿ ತಪ್ಪಿದವನು ಔಟಲ್ಲದಿದ್ದರೆ ಔಟೆಂದರೆ ಮತ್ತೇನು? ಸಂಚಾಲಕರ ಭಾವ, “ಇದು ಎಂತ ಆಟ ಮಾರಾಯ್ರೆ, ಪರೀಕ್ಷೆಯಲ್ಲಿ ಫೇಲಾದವನು ಓಡಿಹೋಗಿ ಮುಂದಿನ ಕ್ಲಾಸಿನಲ್ಲಿ ಕೂತ ಹಾಗೆ!” ಎಂದರು. ಗುಮಾಸ್ತರು ಮೈದಾನದ ಮಧ್ಯದಿಂದಲೇ, “ಔಟ್ ಕೊಡಿ ಮಾಷ್ಟ್ರೆ, ನಮ್ಮ ಮೇಲೆ ಎಂತ ದ್ವೇಷ?” ಎಂದು ಕೇಳಿದರು. ಇನ್ಸ್‌ಪೆಕ್ಟರು ಬಂದ ದಿನದ ಹಾಗೆ ನನಗೆ ಏನೂ ತೋಚಲಿಲ್ಲ. ಕಂಕುಳಲ್ಲಿದ್ದ ಪುಸ್ತಕ ತೆಗೆದು ಎಲ್ಲರಿಗೂ ಕೇಳುವ ಹಾಗೆ ವಿವರಿಸಿದೆ: ಮೂರನೆಯ ಸ್ಟ್ರೈಕಿನ ಚೆಂಡು ಕ್ಯಾಚರನ ಕೈಯಲ್ಲಿ ನಿಲ್ಲಬೇಕು, ನಿಲ್ಲದಿದ್ದರೆ, ಒಂದನೆಯ ಬೇಸ್ ಖಾಲಿಯಿದ್ದರೆ, ಹೊಡೆಯಲು ತಪ್ಪಿದವನಿಗೂ ಓಡುವ ಹಕ್ಕುಂಟು. ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಆದರೆ ಮುಖದ ಬುಟ್ಟಿ ಸರಿಸಿ ಡ್ರಿಲ್ ಮಾಷ್ಟ್ರೇ “ತಪ್ಪು ನನ್ನದು” ಎಂದದ್ದರಿಂದ ಗದ್ದಲ ತಣಿಯಿತು.

ಎರಡನೆಯವನು ಚೆಂಡನ್ನು ಆಕಾಶಕ್ಕೆ ಹೊಡೆದ. ಅದು ಇಳಿದು ಬಂದು ಮುಖ್ಯೋಪಾಧ್ಯಾಯರ ಎದೆಗೂ ಕೈಗೂ ನಡುವೆ ಸಿಕ್ಕಿಕೊಂಡಿತು. ಹಿಡಿದದ್ದು ಅವರಿಗೇ ಗೊತ್ತಾದದ್ದು ಆಮೇಲೆ. ಔಟ್. ಒಂದು ಹೋಳು ಬಲಕ್ಕೆ.

ಮೂರನೆಯವನು ನೆಲಕ್ಕೆ ಹೊಡೆದ. ಚೆಂಡು ಕೂಳೆಗಳ ನಡುವೆ ಪುಟಿಯುತ್ತಾ ಹೋಗಿ ಗುಮಾಸ್ತರ ಕೈಗೆ ಸಿಕ್ಕಿತು. ಒಂದನೆಯ ಬೇಸಿನಲ್ಲಿದ್ದ ಐವರ್ನಾಡಿನ ಹುಡುಗ ಎರಡನೆಯದಕ್ಕೆ ಓಡಲೇಬೇಕು, ಬಸ್ಸಿನ ಸೀಟಿನ ಹಾಗೆ. ಗುಮಾಸ್ತರು ಪಂಡಿತರ ಕಡೆಗೆ ಎಸೆದರು. ಪಂಡಿತರು ಕಣ್ಣು ಮುಚ್ಚಿ ಎರಡೂ ಕೈ ಚಾಚಿದರು. ಚೆಂಡು ಕೈಯಲ್ಲಿ ಕೂತಿತು! ಆದರೆ ಅದಕ್ಕಿಂತ ಕೂದಲೆಳೆಯಷ್ಟು ಮೊದಲು ಹುಡುಗನ ಕಾಲು ಚೀಲಕ್ಕೆ ಬಂದಿತ್ತು. ಬರುವ ರಭಸಕ್ಕೆ ಅವನ ಇನ್ನೊಂದು ಕಾಲು ಪಂಡಿತರ ಕಣಕಾಲಿಗೆ ಬಡಿದಿತ್ತು.

ನಾನು ಸೇಫ್ ಎಂದು ಎರಡೂ ಕೈ ಅಗಲಿಸಿದೆ. ಅಲ್ಲಿಗೆ ಮುಗಿಯಬೇಕಿತ್ತು.

ನಮ್ಮಲ್ಲಿ ಯಾರಿಗೆ ಕಾಲು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕೆ ತಾಗಿದರೂ ಅಷ್ಟೆ, ಅಕ್ಕಿ ಅಳೆಯುವ ಸೇರಿಗೆ ತಾಗಿದರೂ ಅಷ್ಟೆ. ನಡೆಯಲು ಕಲಿತ ವರ್ಷವೇ ಕಲಿತದ್ದು. ಮನಸ್ಸನ್ನು ಕೇಳಿ ಬೆನ್ನು ಬಗ್ಗುವುದಿಲ್ಲ. ಪಂಡಿತರು ನೋವಿಗೆ “ಹಾ” ಎಂದು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಹುಡುಗ ಚೀಲ ಬಿಟ್ಟು ಆ ಎರಡು ಹೆಜ್ಜೆ ಹೋದ, ಅವರ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾಲಿಗೆ ಬಿದ್ದ ಶಿಷ್ಯನನ್ನು ಕಂಡ ಪಂಡಿತರ ಬಲಗೈ ತಾನಾಗಿ ಎದ್ದು ಅವನ ತಲೆಯ ಮೇಲೆ ಇಳಿಯಿತು. “ಒಳ್ಳೇದಾಗಲಿ ಮಗ,” ಎಂದರು.

ಆ ಕೈಯಲ್ಲಿ ಚೆಂಡಿತ್ತು.

ಯಾರಿಗೂ ಏನೂ ಹೊಳೆಯಲಿಲ್ಲ. ನನಗೆ ಹೊಳೆಯಿತು, ದೇವರೇ ಬೇಡವೆಂದರೂ ಹೊಳೆಯಿತು. ಚೀಲ ಬಿಟ್ಟವನನ್ನು ಚೆಂಡು ಹಿಡಿದ ಕೈ ಮುಟ್ಟಿದೆ. ಆಟ ನಿಂತಿದೆ ಎಂದು ನಾನು ಕೈ ಎತ್ತಿಲ್ಲ. ಚೆಂಡು ಇನ್ನೂ ಆಟದಲ್ಲಿದೆ. ಇದೇ ಒಂದನೆಯ ಬೇಸಿನಲ್ಲಿ ಆಗಿದ್ದರೆ ದಾಟಿ ಹೋಗುವ ರಿಯಾಯಿತಿ ಇತ್ತು, ಎರಡನೆಯದಕ್ಕೆ ಇಲ್ಲ. ನನ್ನ ಇಪ್ಪತ್ತೇಳು ಸಂಗತಿಗಳಲ್ಲಿ ಆಶೀರ್ವಾದ ಇರಲಿಲ್ಲ. ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಬೀಳಿನ ಬುಟ್ಟಿಯ ಹಿಂದಿನಿಂದ ಡ್ರಿಲ್ ಮಾಷ್ಟ್ರ ಕಣ್ಣು ನನ್ನನ್ನೇ ನೋಡುತ್ತಿರುವುದು ಕಂಡಿತು. ಅವರಿಗೂ ಗೊತ್ತಾಗಿತ್ತು. ಆ ಕಣ್ಣಲ್ಲಿ ಔಟ್ ಕೊಡಿ ಎಂದಿತ್ತೋ ಬೇಡ ಎಂದಿತ್ತೋ ನನಗೆ ಇವತ್ತಿಗೂ ತಿಳಿಯದು.

“ಔಟ್,” ಎಂದೆ. ಅದು ನನಗೂ ಡ್ರಿಲ್ ಮಾಷ್ಟ್ರಿಗೂ ಮಾತ್ರ ಕೇಳಿಸಿತು. ಹುಣಿಯ ತನಕ ಕೇಳುವ ಹಾಗೆ ಇನ್ನೊಮ್ಮೆ ಎಂದೆ. ಎಡಜೇಬಿಗೆ ಕೈ ಹಾಕಿ ಹೋಳು ತೆಗೆದು ಬಲಕ್ಕೆ ಹಾಕಿದೆ. ಎಡಜೇಬು ಖಾಲಿ. “ಮೂರು ಔಟ್. ಆಟ ಮುಗಿಯಿತು. ಮಾಷ್ಟ್ರುಗಳ ತಂಡಕ್ಕೆ ಒಂದು ಓಟದ ಗೆಲುವು.”

ಹುಣಿ ಸಿಡಿಯಿತು.

“ಎಂತ ಔಟು? ಕಾಲು ಹಿಡಿದದ್ದಕ್ಕಾ?”

“ಮಾಷ್ಟ್ರುಗಳ ಟೀಮು, ಮಾಷ್ಟ್ರೇ ಅಂಪೈರು. ಮತ್ತೆಂತ ಆಗುದು!”

“ಗುರುಹಿರಿಯರಿಗೆ ಬಗ್ಗಬೇಡ ಅಂತ ಹೇಳಿಕೊಡುದಾ ಶಾಲೆಯಲ್ಲಿ?”

ಹುಡುಗನ ಸೋದರಮಾವ ಹುಣಿಯಿಂದ ಗದ್ದೆಗೆ ಇಳಿದು ಪಂಚೆ ಮೇಲಕ್ಕೆ ಕಟ್ಟಿದರು. ಅದನ್ನು ಕಂಡು ಇನ್ನೂ ನಾಲ್ಕು ಪಂಚೆ ಮೇಲೆ ಹೋದವು. ಗುಮಾಸ್ತರೂ ತಮ್ಮದನ್ನು ಕಟ್ಟಿಕೊಂಡರು. ನನ್ನ ಕಣ್ಣಿಗೆ ಗದ್ದೆಯ ತುಂಬ ಅಡಿಕೆ ಸಸಿಗಳೇ ಕಂಡವು. ಸಂಚಾಲಕರು ಕುರ್ಚಿಯಿಂದ ಎದ್ದು, ಕೊಡೆ ಊರಿಕೊಂಡು ನಿಧಾನವಾಗಿ ನಡೆದು ಬಂದರು. ಅವರು ಬಂದದ್ದರಿಂದ ಎಲ್ಲರೂ ಇದ್ದಲ್ಲೇ ನಿಂತರು, ಪಂಚೆ ಮಾತ್ರ ಇಳಿಯಲಿಲ್ಲ.

“ಮಾಷ್ಟ್ರೆ, ಪುಸ್ತಕ ಉಂಟಾ?”

“ಉಂಟು.”

“ಆಶೀರ್ವಾದ ಮಾಡಿದ್ರೆ ಔಟು ಅಂತ ಉಂಟಾ ಅದ್ರಲ್ಲಿ?”

“ಇಲ್ಲ. ಚೆಂಡು ಹಿಡಿದ ಕೈ ಮುಟ್ಟಿದ್ರೆ ಔಟು ಅಂತ ಉಂಟು. ಯಾಕೆ ಮುಟ್ಟಿದ್ದು ಅಂತ ಪುಸ್ತಕ ಕೇಳುದಿಲ್ಲ.”

ಅವರು ಪಂಡಿತರ ಕಡೆ ತಿರುಗಿದರು. “ನೀವು ಔಟ್ ಮಾಡ್ಲಿಕ್ಕೇ ಮುಟ್ಟಿದ್ದಾ?”

“ಶಿವ ಶಿವ! ಹುಡುಗ ಕಾಲಿಗೆ ಬಿದ್ದ. ನಾನೆಂತ ಮಾಡ್ಬೇಕಿತ್ತು? ನಿಲ್ಲು ಮಗ, ಚೆಂಡು ಕೆಳಗಿಟ್ಟು ಬರ್ತೇನೆ ಅಂತ ಹೇಳುದಾ?”

ಯಾರೋ ನಕ್ಕರು. ಸಂಚಾಲಕರು ನಗಲಿಲ್ಲ. “ಹಾಗಾದ್ರೆ ಆಶೀರ್ವಾದ ಹಿಂದೆ ತಕ್ಕೊಳ್ಳಿ. ಹುಡುಗ ಪುನಃ ಚೀಲದ ಮೇಲೆ ನಿಲ್ಲಲಿ.”

ಪಂಡಿತರು ನೆಟ್ಟಗಾದರು. “ಕೊಟ್ಟದ್ದನ್ನು ಹಿಂದೆ ತೆಗೆಯುವ ಕ್ರಮ ಇಲ್ಲ. ಪಬ್ಲಿಕ್ ಪರೀಕ್ಷೆ ಹತ್ತಿರ ಬಂತು. ಈಗ ಹಿಂದೆ ತೆಗೆದ್ರೆ ಅವನ ಗತಿ ಎಂತ?”

ಆಗ ಮಾತ್ರ ಹುಡುಗ ಬಾಯಿಬಿಟ್ಟ. “ಬೇಡ, ನನಗೆ ಅದು ಬೇಕು. ನಾನು ಔಟೇ, ಸರ್. ಚೀಲದ ಮೇಲೆ ನಿಂತುಕೊಂಡೇ ಬಗ್ಗಬಹುದಿತ್ತು. ಅಷ್ಟು ಉದ್ದದ ಕೈ ಇರ್ಲಿಲ್ಲ.” ಆಮೇಲೆ ತಿರುಗಿ, “ಮಾವ, ಪಂಚೆ ಇಳಿಸಿ ಮಾರಾಯ್ರೆ. ಔಟಾದದ್ದು ನಾನು, ನಿಮಗೆ ಎಂತಕ್ಕೆ ಬಿಸಿ?”

ಮಾವ, “ಮಾರ್ಕು ಬರ್ಲಿ, ಆಗ ಮಾತಾಡುವ,” ಎಂದು ಪಂಚೆ ಇಳಿಸಿದರು. ಉಳಿದ ನಾಲ್ಕೂ ಇಳಿದವು. ಗುಮಾಸ್ತರದ್ದು ಕೊನೆಗೆ ಇಳಿಯಿತು.

ಸಂಚಾಲಕರು ಎರಡನೆಯ ಬೇಸನ್ನು ದಾಟಿ ನಡೆದರು. ಅಲ್ಲಿ ಗೂಟದ ಮೊದಲ ಸಾಲು. ಒಂದು ಗೂಟವನ್ನು ಕೊಡೆಯ ಮೊನೆಯಿಂದ ಅಲುಗಿಸಿ, ಬಗ್ಗಿ, ಕಿತ್ತು ತಂದು ಡ್ರಿಲ್ ಮಾಷ್ಟ್ರ ಕೈಗೆ ಕೊಟ್ಟರು. “ಉಳಿದದ್ದು ನೀವೇ ತೆಗ್ಸಿ. ಓಡುವ ಮಕ್ಕಳು ಎಡವಿ ಬಿದ್ದಾರು. ಸಸಿಗೆ ನಾನು ಬೇರೆ ಜಾಗ ನೋಡ್ತೇನೆ.” ಡ್ರಿಲ್ ಮಾಷ್ಟ್ರು ಬುಟ್ಟಿಯನ್ನು ಮುಖದಿಂದ ತೆಗೆಯಲೇ ಇಲ್ಲ. ಬಹಳ ಹೊತ್ತು ಅದರೊಳಗೇ ಇದ್ದರು.

ಈ ಎಲ್ಲ ಸಂಭ್ರಮದಲ್ಲಿ ಬ್ಯಾಟು ಹಿಡಿಯುವ ಜಾಗದಲ್ಲಿ ಒಬ್ಬ ಗಿಡ್ಡ ಹುಡುಗ ನಿಂತೇ ಇದ್ದ. ಮುಂದಿನ ಸರದಿ ಅವನದ್ದು. ಒಮ್ಮೆ ತನ್ನ ಬೆರಳು ನೋಡಿಕೊಂಡ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಬ್ಯಾಟನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಹೋದ. ಪಾಪ, ಸೋತ ಬೇಸರ ಎಂದುಕೊಂಡೆ.

ಆ ಗದ್ದೆ ಮೈದಾನವಾಗಿಯೇ ಉಳಿಯಿತು. ಅರವತ್ತರ ದಶಕದಲ್ಲಿ ಅಲ್ಲಿ ಕಲಿತ ಹುಡುಗರು ಸುಳ್ಯದಲ್ಲಿ, ಪುತ್ತೂರಿನಲ್ಲಿ, ಕಡಬದಲ್ಲಿ ಎಲ್ಲೆಲ್ಲೋ ಆಡಿದರು. ಚೀಲ ಬಿಟ್ಟು ಯಾರಾದರೂ ಆಚೆ ಈಚೆ ನೋಡಿದರೆ ‘ಪಂಡಿತರ ಆಶೀರ್ವಾದ ಬೇಕಾ?’ ಎಂದು ಕೂಗುವುದು ನಮ್ಮ ಕಡೆಯ ಆಟದ ಮಾತೇ ಆಗಿಹೋಯಿತು. ಐವರ್ನಾಡಿನ ಹುಡುಗ ಆ ವರ್ಷ ಪಾಸಾದ. ಡ್ರಿಲ್ ಮಾಷ್ಟ್ರು ಅಣ್ಣನ ಅಂಗಡಿಯಲ್ಲಿ ಕೂರಲಿಲ್ಲ. ಪಂಡಿತರು ನಿವೃತ್ತರಾಗುವವರೆಗೂ ಆಟದಲ್ಲಿ ಎಡಗೈಯಲ್ಲೇ ಚೆಂಡು ಹಿಡಿದರು, ಬಲಗೈ ಖಾಲಿ ಇರಲಿ ಎಂದು. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ಈಗಲೂ ನಾನು ಕಿಟಕಿಯ ಬದಿಯ ಸೀಟು ಹುಡುಕುತ್ತೇನೆ. ಈಗ ಅಲ್ಲಿ ಕ್ರಿಕೆಟ್ ಆಡುತ್ತಾರೆ. ಹುಣಿ ಹಾಗೇ ಇದೆ.

ಆ ದಿನ ಸಂಜೆ ಬಾಡಿಗೆಯ ಕೋಣೆಗೆ ಬಂದು, ದೀಪ ಹಚ್ಚುವ ಮೊದಲೇ ನೋಟುಪುಸ್ತಕ ತೆಗೆದು ಕೂತೆ. ಇಪ್ಪತ್ತೇಳು ಸಂಗತಿಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಚೆಂಡು ಹಣೆಗೆ ಬಡಿಯಲಿಲ್ಲ. ಬ್ಯಾಟು ಹಾರಲಿಲ್ಲ. ಬಸ್ಸು ನಿಲ್ಲಲಿಲ್ಲ. ನಾನು ಬೀಳಲಿಲ್ಲ. ಜಗಳ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಒಂದು ಪಟ್ಟಿ ಪೂರ್ತಿ ಸುಳ್ಳಾಗಿತ್ತು. ಹಗುರಾಗಿ ಎದ್ದು ಜುಬ್ಬ ಕಳಚಿ ಗೂಟಕ್ಕೆ ತೂಗುಹಾಕುವಾಗ ಬಲಜೇಬಿನಿಂದ ಹೋಳು ನೆಲಕ್ಕೆ ಬಿದ್ದವು.

ಎರಡು.

ಜೇಬು ಮಗುಚಿ ನೋಡಿದೆ. ಎಡಜೇಬನ್ನೂ ಮಗುಚಿದೆ. ತೂತಿರಲಿಲ್ಲ. ಚಾಪೆ ಎತ್ತಿ ನೋಡಿದೆ. ಆಮೇಲೆ ಗೋಡೆಗೊರಗಿ ಕೂತು ಲೆಕ್ಕ ಮಾಡಿದೆ. ಮುಖ್ಯೋಪಾಧ್ಯಾಯರು ಹಿಡಿದದ್ದು ಒಂದು. ಪಂಡಿತರು ಹರಸಿದ್ದು ಎರಡು. ಮೂರು ಸಲ ಬೀಸಿ ತಪ್ಪಿದವನು ಔಟೆಂದು ಹುಣಿಯ ಮೇಲಿದ್ದವರೆಲ್ಲ ಮನಸ್ಸಿನಲ್ಲೇ ಎಣಿಸಿಕೊಂಡಿದ್ದರು, ಅದಕ್ಕೇ ಮೂರೆಂದಾಗ ಯಾರೂ ಕೇಳಲಿಲ್ಲ. ಅವನು ಔಟಲ್ಲವೆಂದು ಪುಸ್ತಕ ಬಿಡಿಸಿ ಸಾರಿದವನು ನಾನೇ. ಅವನಿಗೆಂದು ಎಡಜೇಬಿನಿಂದ ತೆಗೆದ ಹೋಳನ್ನು ಪುನಃ ಒಳಗೆ ಹಾಕಬೇಕಾಗಿತ್ತು. ಇನ್ನೊಂದು ಔಟ್ ಬಾಕಿ ಇತ್ತು, ಒಂದನೆಯ ಬೇಸಿನಲ್ಲಿ ಒಬ್ಬನಿದ್ದ, ಗಿಡ್ಡ ಹುಡುಗ ಬ್ಯಾಟು ಹಿಡಿದು ನಿಂತಿದ್ದ.

ಮೂರನೆಯ ಹೋಳು ಎಲ್ಲಿಗೆ ಹೋಯಿತೆಂದು ಇನ್ನೂ ಯೋಚಿಸುತ್ತಲೇ ಇದ್ದೆ; ನಾಲಗೆ ಆಗಲೇ ದವಡೆಯ ಸಂದಿಯಲ್ಲಿ ಸಿಕ್ಕಿದ್ದ ಒಂದು ಚೂರನ್ನು ಕೆದಕುತ್ತಿತ್ತು.